ಎಂಟಡಿ ಶೀಟು, ಒಂಟಿ ಆಳು

ಕರೆದರೆ ಆಳು ಬಾರದ ಕಾಲ. ಹೊರಗೆ ಪುನರ್ವಸು ಮಳೆ. ಗೇಟಿನ ಬಳಿ 36 ಕಿಲೋ ತೂಗುವ ಪ್ಲೈವುಡ್. ಕೆಂಚಮ್ಮನ ಹೊಸಕೋಟೆಯ ಕೊಟ್ಟಿಗೆಯೊಂದರಲ್ಲಿ ಭಾರ ಹೊರುವ ಕೆಲಸವನ್ನು ಗೋಡೆ, ನೆಲ, ಹಗ್ಗಗಳಿಗೆ ಹಂಚಿಕೊಟ್ಟ ಬಗೆ ಇಲ್ಲಿದೆ.

ಪಿಕಪ್ ಗಾಡಿ ಗೇಟಿನ ಹೊರಗೇ ನಿಂತಿತು. ಒಳಗಿನ ಮಣ್ಣುದಾರಿಗೆ ಇಳಿಸಿದರೆ ಚಕ್ರ ಹೂತುಕೊಳ್ಳುತ್ತದೆ ಎಂಬುದು ಡ್ರೈವರನಿಗೆ ಗೊತ್ತು. ಟಾರ್ಪಾಲು ಸರಿಸಿದ. ಕೆಳಗೆ ಆರು ಪ್ಲೈವುಡ್ ಶೀಟು. ಎಂಟಡಿಗೆ ನಾಲ್ಕಡಿಯವು, 18 ಎಂಎಂ ದಪ್ಪ.

'ಗೌಡ್ರೆ, ಇಳ್ಸಕೆ ಯಾರವ್ರೆ?'

'ಯಾರೂ ಇಲ್ಲ ಕಣಪ್ಪ, ನಾನೊಬ್ನೆ.'

ಡ್ರೈವರ್ ಒಮ್ಮೆ ಮೋಡ ನೋಡಿದ, ಒಮ್ಮೆ ಗೌಡರ ನರೆತ ತಲೆ ನೋಡಿದ. ಗೌಡರಿಗೇನೂ ಅವಸರವಿರಲಿಲ್ಲ. ಹೆಗಲ ಮೇಲಿದ್ದ ನೀಲಿ ನೈಲಾನ್ ಹಗ್ಗ ತೆಗೆದರು. ಎರಡು ತುದಿ ಸೇರಿಸಿ ಗಂಟು ಹಾಕಿದ ದೊಡ್ಡ ಕುಣಿಕೆ ಅದು. ನಡುವೆ ಗೇಣುದ್ದದ ಕಪ್ಪು ಪೈಪಿನ ತುಂಡು, ತೋಟದ ಹಳೇ ಸ್ಪ್ರಿಂಕ್ಲರ್ ಪೈಪಿನಿಂದ ಕತ್ತರಿಸಿದ್ದು.

ಮೊದಲ ಶೀಟನ್ನು ಗಾಡಿಯಿಂದ ಹೊರಕ್ಕೆ ಎಳೆದರು. ಅರ್ಧಕ್ಕಿಂತ ಹೆಚ್ಚು ಹೊರಬಂದಾಗ ಅದು ತಾನಾಗಿ ಬಾಗಿತು. ಒಂದು ತುದಿ ನೆಲದ ಮೇಲೆ ಹಾಸಿದ್ದ ಗೋಣಿಚೀಲಕ್ಕೆ ತಾಗಿ ಕೂತಿತು, ಇನ್ನೊಂದು ತುದಿ ಇನ್ನೂ ಗಾಡಿಯ ಮೇಲೇ. ಹಾಗೇ ಪಕ್ಕಕ್ಕೆ ಹೊರಳಿಸಿ ಉದ್ದದ ಅಂಚಿನ ಮೇಲೆ ನಿಲ್ಲಿಸಿಕೊಂಡರು. ಕೆಳಗಿನ ಎರಡು ಮೂಲೆಗೂ ಕುಣಿಕೆ ಸಿಕ್ಕಿಸಿದರು. ಪೈಪು ಹಿಡಿದು, ಶೀಟನ್ನು ಭುಜಕ್ಕೆ ಒರಗಿಸಿಕೊಂಡು, ಮಣ್ಣುದಾರಿಯ ನಾಲ್ಕು ಮಾರು ದಾಟಿದರು. ಅಲ್ಲಿಂದ ಮುಂದೆ ಕಾಫಿ ಕಣ. ಕಣದ ಅಂಚಿನಲ್ಲಿ ಎರಡು ಚಕ್ರದ ಪುಟ್ಟ ಗಾಡಿ ಕಾಯುತ್ತಿತ್ತು. ಶೀಟಿನ ನಡುಭಾಗ ಅದರ ಮೇಲೆ ಕೂತಿತು. ಆಮೇಲೆ ಒಂದೇ ಕೈಯಲ್ಲಿ ತಳ್ಳಿದ್ದು.

ಹೀಗೆ ಆರು ಸಲ. ಇಷ್ಟರಲ್ಲಿ ಪೂರ್ತಿ ತೂಕ ಅವರ ಮೈಮೇಲೆ ಬಂದದ್ದು ಆ ನಾಲ್ಕು ಮಾರಿನಲ್ಲಿ ಮಾತ್ರ. ಆಗಲೂ ಶೀಟು ನೆಲ ಬಿಟ್ಟು ಎದ್ದದ್ದು ಮೂರು ನಾಲ್ಕು ಅಂಗುಲ, ಅಷ್ಟೆ.

ಕೊಟ್ಟಿಗೆ ಖಾಲಿಯಾದ ಮೇಲೆ

ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿ ಸಕಲೇಶಪುರದ ಬೆಟ್ಟಸಾಲಿಗೆ ಅಂಟಿಕೊಂಡಂತಿರುವ ಕಾಫಿ ಸೀಮೆ. ಊರಿಂದ ಊರಿಗೆ, ಮನೆಯಿಂದ ಮನೆಗೆ ದೂರ. ನಡುವೆ ತೋಟ, ಗದ್ದೆ, ಕಾಡು. ದನಗಳು ಕಡಿಮೆಯಾದಂತೆಲ್ಲ ಇಲ್ಲಿನ ಕೊಟ್ಟಿಗೆಗಳು ಬೇರೆ ಬೇರೆ ಅವತಾರ ಎತ್ತಿವೆ. ಒಂದರಲ್ಲಿ ಗೊಬ್ಬರದ ಮೂಟೆ, ಇನ್ನೊಂದರಲ್ಲಿ ಪಲ್ಪರ್. ಅಲ್ಲೊಂದು ಇಲ್ಲೊಂದರಲ್ಲಿ ಡ್ರಿಲ್ಲು, ರಂದ, ಕಟಿಂಗ್ ಮಷಿನ್.

ಮಳೆ ಹಿಡಿದರೆ ತೋಟದಲ್ಲಿ ಕೆಲಸ ಅರ್ಧ. ಹೊತ್ತು ಕಳೆಯಬೇಕು. ಬೀರು ಮಾಡಿಸಲು ಆಚಾರ್ರನ್ನು ಕೇಳಿದರೆ ದೀಪಾವಳಿ ಆಚೆಗೆ ಎನ್ನುತ್ತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿದರೆ ಎಲ್ಲವೂ ಸುಲಭ ಕಾಣುತ್ತದೆ. ನಾವೇ ಯಾಕೆ ಮಾಡಬಾರದು ಎಂಬ ಆಸೆ ಹುಟ್ಟುವುದು ಅಲ್ಲಿ. ಕೊಯ್ಯುವುದು, ಜೋಡಿಸುವುದು, ಪಾಲಿಶ್ ಹಾಕುವುದು ಹೇಗೋ ಕಲಿತುಬಿಡಬಹುದು. ಶೀಟನ್ನು ಗೇಟಿನಿಂದ ಮೇಜಿನವರೆಗೆ ತರುವುದೊಂದು ಇದೆಯಲ್ಲ, ಅದನ್ನು ಯಾವ ವಿಡಿಯೊವೂ ಸರಿಯಾಗಿ ತೋರಿಸುವುದಿಲ್ಲ. ತೋರಿಸಿದರೂ ಅದು ಹೊಳೆಯುವ ಸಮತಟ್ಟು ನೆಲದ ಗ್ಯಾರೇಜು. ನಮ್ಮದು ಕೆಸರು, ಇಳಿಜಾರು, ಹೊಸ್ತಿಲು.

ಹಿಂದೆ ಇದು ಸಮಸ್ಯೆಯೇ ಆಗಿರಲಿಲ್ಲ. ತೋಟದ ಆಳುಗಳ ಲೈನ್‌ಮನೆಯಿಂದ ಇಬ್ಬರನ್ನು ಕೂಗಿದರೆ ಮುಗಿಯಿತು. ಈಗ ಮನೆಯ ಮಕ್ಕಳು ಬೆಂಗಳೂರಿನಲ್ಲಿ. ತೋಟದ ಕೆಲಸಕ್ಕೆ ದೂರದ ಅಸ್ಸಾಮಿನಿಂದ ಜನ ಬರಬೇಕು. ಬಂದವರೂ ಸಂಜೆ ಬೆಳಕಿರುವಾಗಲೇ ಮನೆ ಸೇರಬೇಕು, ಏಕೆಂದರೆ ಆನೆ. ಆಲೂರು–ಸಕಲೇಶಪುರದ ಆನೆ ಹಾವಳಿ ಹೈಕೋರ್ಟ್ ಮೆಟ್ಟಿಲೇರಿ, ತಜ್ಞರ ಕಾರ್ಯಪಡೆ ವರದಿ ಕೊಟ್ಟು, 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಇಲ್ಲಿಂದ ಹಿಡಿದು ಸಾಗಿಸಿದರು. ಆಮೇಲೂ ಬಂದವು, ಈಗಲೂ ಇವೆ. ಸಂಜೆ ಐದರ ಮೇಲೆ 'ಒಂದ್ ಕೈ ಕೊಡು ಬಾ' ಎಂದು ಪಕ್ಕದ ತೋಟದವರನ್ನು ಕರೆಯುವುದು ಸಣ್ಣ ಮಾತಲ್ಲ.

ಹಾಗೆ ನೋಡಿದರೆ ಈ ಬೆಟ್ಟಗಳಲ್ಲಿ ಭಾರ ಎಳೆಯುವ ಕೆಲಸಕ್ಕೆ ಹೆಸರಾಗಿದ್ದವೇ ಆನೆಗಳು. ಪಕ್ಕದ ಕೊಡಗಿನ ದುಬಾರೆ ಶಿಬಿರ ಒಂದು ಕಾಲಕ್ಕೆ ನಾಟಾ ಎಳೆಯುವ ಆನೆಗಳ ಠಾಣ್ಯ. ಆನೆ ಎಳೆದ ದಿಮ್ಮಿಯನ್ನು ಗರಗಸದವರಿಬ್ಬರು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಹಲಗೆ ಸೀಳುತ್ತಿದ್ದರು. ಹಲಸು, ಹೊನ್ನೆ, ನಂದಿ. ಮರ ಎಷ್ಟು ದಪ್ಪವೋ ಹಲಗೆ ಅಷ್ಟೇ ಅಗಲ. ಒಬ್ಬ ಬಡಗಿ ಹೆಗಲಿಗೇರಿಸಿಕೊಂಡು ನಡೆಯಬಲ್ಲ ಅಗಲ ಅದು. ಮರಗೆಲಸದ ಸಾಮಾನು ಮನುಷ್ಯನ ಹಿಡಿತ ಮೀರಿ ಬೆಳೆದದ್ದು ಪ್ಲೈವುಡ್ ಬಂದ ಮೇಲೆ.

ಒಂದು ಕಾಕತಾಳೀಯ ಹೇಳಲೇಬೇಕು. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದೇ 1865ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಜಾನ್ ಮೇಯೊ ಎಂಬಾತ ಮರದ ತೆಳು ಪದರಗಳನ್ನು ಅಡ್ಡಡ್ಡಲಾಗಿ ಅಂಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಹೆಂಚು ಮಲೆನಾಡಿನ ಇಡೀ ಮಾಡನ್ನು ಎರಡೂವರೆ ಮೂರು ಕಿಲೋದ ತುಂಡುಗಳಾಗಿ ಒಡೆದು ಕೊಟ್ಟಿತು. ಏಣಿಯ ಮೇಲೆ ಒಬ್ಬ, ಕೆಳಗೊಬ್ಬ, ಮಕ್ಕಳೂ ಕೈಗೆ ಕೈ ದಾಟಿಸಬಹುದು. ಮೇಯೊನ ಉಪಾಯ ಉಲ್ಟಾ ದಾರಿ ಹಿಡಿಯಿತು. ಸಣ್ಣದನ್ನೆಲ್ಲ ಅಂಟಿಸಿ 32 ಚದರಡಿಯ ಒಂದೇ ಹಲಗೆ ಮಾಡಿ ನಮ್ಮ ಕೈಗೆ ಕೊಟ್ಟಿತು.

ಇನ್ನೊಂದು ತಮಾಷೆಯೂ ಇದೆ. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ. ಕಡಿದರೆ ಅದು ಲಾರಿ ಹತ್ತಿ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ದಿಮ್ಮಿಯನ್ನು ಗರಗರ ತಿರುಗಿಸಿ, ಉದ್ದನೆಯ ಅಲಗಿಗೆ ಒಡ್ಡಿ, ಪದರ ಪದರವಾಗಿ ಸುಲಿಯುತ್ತಾರೆ. ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ ಬರುವಂತೆ ಬೆಸಸಂಖ್ಯೆಯ ಪದರ ಜೋಡಿಸಿ, ಅಂಟು ಹಾಕಿ, ಬಿಸಿ ಒತ್ತುಯಂತ್ರದಲ್ಲಿ ಒತ್ತುತ್ತಾರೆ. ತೋಟದಿಂದ ಲೋಡರ್‌ಗಳು ಹೊರಿಸಿ ಕಳಿಸಿದ ಮರವೇ ಶೀಟಾಗಿ ಗೇಟಿಗೆ ವಾಪಸ್ ಬಂದರೂ ಅಚ್ಚರಿಯಿಲ್ಲ. ಇಳಿಸಲು ಮಾತ್ರ ಜನವಿಲ್ಲ.

▌ಬಾಕ್ಸ್: ಯಾವುದು ಎಷ್ಟು ತೂಕ?
ಎಂಟಡಿಗೆ ನಾಲ್ಕಡಿ (2440 × 1220 ಮಿ.ಮೀ.) ಅಳತೆಯಲ್ಲಿ, ಅಂದಾಜು:
12 ಎಂಎಂ ಪ್ಲೈವುಡ್: 20ರಿಂದ 25 ಕಿಲೋ
18 ಎಂಎಂ ಪ್ಲೈವುಡ್: 30ರಿಂದ 37 ಕಿಲೋ
18 ಎಂಎಂ ಎಂಡಿಎಫ್: 40 ಕಿಲೋ ಆಸುಪಾಸು
5 ಎಂಎಂ ಗಾಜು: 37 ಕಿಲೋ
20 ಎಂಎಂ ಗ್ರಾನೈಟ್: 160 ಕಿಲೋ
1 ಎಂಎಂ ಮೈಕಾ: 4 ಕಿಲೋ. ಹಗುರ ನಿಜ, ಆದರೆ ಬಳುಕಿ ಮೂಲೆ ಮುರಿಯುತ್ತದೆ. ಸುರುಳಿ ಸುತ್ತಿ ಹಗ್ಗ ಕಟ್ಟಿ ತರಬೇಕು.

ಅಡ್ಡ ಹಿಡಿದರೆ ಸೊಂಟ, ನೆಟ್ಟಗೆ ಹಿಡಿದರೆ ಹೆಗಲು

36 ಕಿಲೋ ಅಂದರೆ ಅಂಥ ದೊಡ್ಡ ಮಾತೇನು ಎಂದು ಕಾಫಿ ಸೀಮೆಯವರು ಕೇಳಬಹುದು. 50 ಕಿಲೋದ ಕಾಫಿ ಮೂಟೆ ಬೆನ್ನಿಗೇರಿಸಿ ಲಾರಿ ತುಂಬುವವರನ್ನು ನೋಡಿ ಬೆಳೆದ ಊರು. ಆದರೆ ಮೂಟೆಗೆ ಒಂದು ಒಳ್ಳೆಯ ಗುಣವಿದೆ: ಅದು ಮೈಗೆ ಅಂಟಿಕೊಳ್ಳುತ್ತದೆ. ಶೀಟು ಅಂಟಿಕೊಳ್ಳುವುದಿಲ್ಲ. ಅದರ ತೂಕದ ನಡುಬಿಂದು ಯಾವ ಅಂಚಿನಿಂದ ಲೆಕ್ಕ ಹಾಕಿದರೂ ಕನಿಷ್ಠ ಎರಡಡಿ ದೂರ.

ಈ ಎರಡಡಿಯೇ ಎಲ್ಲ ಅನಾಹುತಕ್ಕೂ ಮೂಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಭಾರ ಎತ್ತುವುದಕ್ಕೆ ಒಂದು ಸೂತ್ರ ಕಟ್ಟಿದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಕೈ ಮೈಯಿಂದ 25 ಸೆಂಟಿಮೀಟರಿನೊಳಗೆ ಇದ್ದಾಗ, 23 ಕಿಲೋ ತನಕ ಅಡ್ಡಿಯಿಲ್ಲ. ದೂರ ಹೆಚ್ಚಿದಂತೆ ಅನುಮತಿ ಕುಗ್ಗುತ್ತದೆ. 50 ಸೆಂಟಿಮೀಟರಿಗೆ ಅರ್ಧ. 60 ದಾಟಿದರೆ 9 ಕಿಲೋ ಚಿಲ್ಲರೆ. ಶೀಟನ್ನು ತಟ್ಟೆಯ ಹಾಗೆ ಅಡ್ಡ ಹಿಡಿದು ನಡೆಯುವವನ ಸೊಂಟ 9 ಕಿಲೋ ಜಾಗದಲ್ಲಿ 36 ಕಿಲೋ ತಡೆದುಕೊಳ್ಳುತ್ತಿರುತ್ತದೆ. ಆ ಕ್ಷಣ ಏನೂ ಆಗದೇ ಇರಬಹುದು. ರಾತ್ರಿ ಮಗ್ಗುಲು ಬದಲಿಸುವಾಗ ಗೊತ್ತಾಗುತ್ತದೆ.

ಅದಕ್ಕೇ ಅಂಚಿನ ಮೇಲೆ ನಿಲ್ಲಿಸಿ ಒಯ್ಯುವುದು. ಉದ್ದದ ಅಂಚು ಕೆಳಗೆ, ನಾಲ್ಕಡಿ ಎತ್ತರ ಮೈಗೆ ಒರಗಿ. ಈಗ ಭಾರ ಮೈಗೆ ಅಂಟಿದೆ. ಆದರೆ ಕೆಳಗಿನ ಅಂಚು ನೆಲದ ಹತ್ತಿರ, ಕೈ ಅಲ್ಲಿಗೆ ಎಟುಕುವುದಿಲ್ಲ. ಮೇಲಿನ ಅಂಚು ಹಿಡಿದು ಎತ್ತೋಣವೆಂದರೆ ಬೆರಳಿಗೆ ಹಿಡಿತವಿಲ್ಲ. ಹಗ್ಗದ ಕುಣಿಕೆ ಹುಟ್ಟಿದ್ದು ಈ ಪೇಚಿಗೆ ಉತ್ತರವಾಗಿ. ತುಂಬ ಹಳೆಯ ಉಪಾಯ, ಖರ್ಚಿಲ್ಲ, ಕೆಡುವಂಥದ್ದೂ ಏನಿಲ್ಲ. ಅಂಗಡಿಯಲ್ಲಿ ಇದೇ ಕೆಲಸಕ್ಕೆ ಪ್ಲಾಸ್ಟಿಕ್ ಹಿಡಿಕೆ, ಕಬ್ಬಿಣದ ಕೊಕ್ಕೆ ಸಿಗುತ್ತವೆ. ಕೊಕ್ಕೆ ನಡುವೆ ಒಂದೇ ಕಡೆ ಹಿಡಿಯುವುದರಿಂದ ಶೀಟು ಹಿಂದೆ ಮುಂದೆ ತೂಗಾಡುತ್ತದೆ. ಕುಣಿಕೆ ಎರಡು ಮೂಲೆ ಹಿಡಿಯುತ್ತದೆ. ನನ್ನ ಓಟು ಕುಣಿಕೆಗೇ.

▌ಬಾಕ್ಸ್: ಕುಣಿಕೆಯ ಅಳತೆ
ಎಂಟಡಿ ಶೀಟಿಗೆ ಗಂಟು ಬಿಟ್ಟು 18 ಅಡಿ ಹಗ್ಗ. ಕುಣಿಕೆಯ ಒಂದೊಂದು ಬದಿ 9 ಅಡಿ. ಎರಡು ಮೂಲೆಗೂ ಸಿಕ್ಕಿಸಿ ನಡುವೆ ಎತ್ತಿದರೆ ಹಿಡಿಕೆ ಕೆಳ ಅಂಚಿನಿಂದ ಎರಡಡಿ ಮೇಲೆ ಬರುತ್ತದೆ. ತೋಳು ನೆಟ್ಟಗೆ ಇಳಿಬಿಟ್ಟು ನಿಂತವನ ಮುಷ್ಟಿ ನೆಲದಿಂದ ಎರಡೂಕಾಲು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಆ ವ್ಯತ್ಯಾಸದಷ್ಟೇ ಶೀಟು ನೆಲ ಬಿಡುತ್ತದೆ. ಕುಳ್ಳಗಿರುವವರು ಹಗ್ಗವನ್ನು ಸ್ವಲ್ಪ ಕಿರಿದು ಮಾಡಿಕೊಳ್ಳಬೇಕು. ತೆಂಗಿನ ನಾರಿನ ಹಗ್ಗ ಬೇಡ, ಅಂಗೈ ಕುಯ್ಯುತ್ತದೆ.

ಎರಡು ಎಚ್ಚರಿಕೆ. ಮೊದಲನೆಯದು ಗಾಳಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಮಲೆನಾಡಿನ ಆಷಾಢದಲ್ಲಿ ಸುದ್ದಿಯೇ ಅಲ್ಲ. ಅದು 32 ಚದರಡಿಯ ಹಲಗೆಗೆ ನೇರ ಬಡಿದರೆ ಸುಮಾರು 20 ಕಿಲೋ ಒತ್ತಡ. ಹಿಡಿದವನನ್ನೂ ಸೇರಿಸಿ ಗಾಳಿಪಟ ಮಾಡಲು ಅಷ್ಟು ಸಾಕು. ಶೀಟಿನ ಅಂಚನ್ನು ಗಾಳಿಗೆ ಮುಖ ಮಾಡಿ ನಡೆಯಬೇಕು. ಬೀಸು ಜೋರಾದರೆ ಕೆಳಗಿಟ್ಟು, ಗೋಡೆಗೆ ಒರಗಿಸಿ ಕಾಯಬೇಕು. ಬೀಳತೊಡಗಿದ ಶೀಟನ್ನು ತಡೆಯಲು ಹೋಗಬಾರದು. ಮೂಲೆ ಜಜ್ಜಿದರೆ ಕತ್ತರಿಸಿ ಎಸೆಯಬಹುದು.

ಎರಡನೆಯದು ಕಣ. ಕೊಯ್ಲು ನವೆಂಬರಿನ ಮೇಲೆ, ಅಲ್ಲಿಯವರೆಗೆ ಸಿಮೆಂಟು ಕಣ ಖಾಲಿ ಬಿದ್ದಿರುತ್ತದೆ. ಚಕ್ರದ ಗಾಡಿಗೆ ಅದಕ್ಕಿಂತ ಒಳ್ಳೆಯ ಹಾದಿ ಬೇಕೆ ಅನ್ನಿಸುತ್ತದೆ. ಜುಲೈ ಹೊತ್ತಿಗೆ ಅದರ ಮೇಲೆ ಹಸಿರು ಪಾಚಿ. ಬರಿಗಾಲಿನಲ್ಲೇ ಜಾರುವ ಜಾಗದಲ್ಲಿ ಕೈಯಲ್ಲೊಂದು ಶೀಟು! ನಾನು ಕಂಡ ಗೌಡರು ಕಣದ ಅಂಚಿನಿಂದ ಕೊಟ್ಟಿಗೆವರೆಗೆ ಎರಡಡಿ ಅಗಲದ ಪಟ್ಟಿಯೊಂದನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಟ್ಟಿದ್ದರು. ಉಳಿದ ಕಣ ಪಾಚಿಗೇ ಬಿಟ್ಟಿದ್ದಾರೆ.

ಎತ್ತದೆ ಎತ್ತುವುದು

ಕೊಟ್ಟಿಗೆ ಒಳಗೆ ಬೇರೆ ಕಥೆ ಶುರು. ನಿಂತ ಶೀಟನ್ನು ಮಲಗಿಸಬೇಕು, ಮಲಗಿದ್ದನ್ನು ಎಬ್ಬಿಸಬೇಕು, ಮೇಜಿಗೆ ಏರಿಸಬೇಕು.

ನೆಲದ ಮೇಲೆ ಮಲಗಿದ 36 ಕಿಲೋದ ಶೀಟಿನ ಒಂದು ಅಂಚು ಹಿಡಿದು ಎತ್ತಿದರೆ ಕೈಗೆ ಬರುವುದು ಅರ್ಧ, 18 ಕಿಲೋ. ಉಳಿದರ್ಧವನ್ನು ನೆಲ ಹೊರುತ್ತದೆ. ಮೇಲೆದ್ದಂತೆಲ್ಲ ಕೈಯ ಪಾಲು ಇಳಿಯುತ್ತದೆ. 60 ಡಿಗ್ರಿಗೆ ಬರುವಷ್ಟರಲ್ಲಿ 9 ಕಿಲೋ. ನೆಟ್ಟಗೆ ನಿಂತರೆ ಬೀಳದಂತೆ ಬೆರಳು ತಾಗಿಸಿಕೊಂಡಿದ್ದರೆ ಸಾಕು. ಕೆಳ ಅಂಚು ಜಾರದಂತೆ ಅದನ್ನು ಗೋಡೆಗೆ ಕೊಟ್ಟಿರಬೇಕು, ಇಲ್ಲವೇ ಒಂದು ಮರದ ತುಂಡು ಅಡ್ಡ ಇಟ್ಟಿರಬೇಕು. ಗೋಡೆಯೇ ಇಲ್ಲಿ ಎರಡನೇ ಆಳು, ಸಂಬಳ ಕೇಳದವನು.

ನಿಂತ ಶೀಟನ್ನು ಸ್ವಲ್ಪ ದೂರ ಸರಿಸಬೇಕಾದರೆ ಎತ್ತುವುದೇ ಬೇಡ. ಒಂದು ಮೂಲೆಯ ಮೇಲೆ ಭಾರ ಬಿಟ್ಟು ಇನ್ನೊಂದು ಮೂಲೆಯನ್ನು ಮುಂದೆ ತಿರುಗಿಸುವುದು, ಆಮೇಲೆ ಅದರ ಮೇಲೆ ಭಾರ ಬಿಟ್ಟು ಮೊದಲಿನದನ್ನು. ತುಂಬಿದ ಗೋದ್ರೆಜ್ ಬೀರುವನ್ನು ಮೂಲೆಯಿಂದ ಮೂಲೆಗೆ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಲೆ ನವೆಯದಂತೆ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿಕೊಂಡರಾಯಿತು.

ಮೇಜಿಗೆ ಏರಿಸುವುದು ಎರಡು ಹಂತದಲ್ಲಿ. ಮೊದಲು ಮೊಣಕಾಲೆತ್ತರದ ಸ್ಟೂಲು, ಆಮೇಲೆ ಮೇಜು. ಸ್ಟೂಲಿನ ಮೇಲೆ ಒಂದು ಅಂಚು ಕೂತರೆ ಮೇಲಿನ ಅಂಚು ಮೇಜಿನ ಬಾಯಿಗೆ ಒರಗುತ್ತದೆ. ಆಗ ಕೆಳಗಿನ ಅಂಚನ್ನು ಎತ್ತಿ ತಳ್ಳಿದರೆ ಶೀಟು ಮೇಜಿನ ಮೇಲೆ ಜಾರುತ್ತದೆ. ಪ್ರತಿ ಹಂತದಲ್ಲೂ ಅರ್ಧ ಭಾರವನ್ನು ಇನ್ನೊಂದು ವಸ್ತು ಹೊತ್ತಿರುತ್ತದೆ.

ಇದನ್ನು ನೋಡುವಾಗ ನನಗೆ ನೆನಪಾದದ್ದು ಹಳೆಯ ಕಾಲುದಾರಿಗಳ ಹೊರೆಗಲ್ಲು. ಎರಡು ಕಲ್ಲು ನೆಟ್ಟು ಅವುಗಳ ಮೇಲೊಂದು ಚಪ್ಪಡಿ ಹಾಸಿರುತ್ತಿದ್ದರು, ಸುಮಾರು ಭುಜದ ಎತ್ತರಕ್ಕೆ. ತಲೆಹೊರೆಯವನು ಒಬ್ಬನೇ ಬರುತ್ತಿದ್ದರೆ ನೆಲಕ್ಕೆ ಇಳಿಸಿದ ಹೊರೆಯನ್ನು ಮತ್ತೆ ತಲೆಗೇರಿಸಲು ಇನ್ನೊಬ್ಬ ಬೇಕಾಗುತ್ತದೆ. ಚಪ್ಪಡಿಯ ಮೇಲಿಟ್ಟರೆ ಯಾರೂ ಬೇಕಾಗಿಲ್ಲ. ತಲೆಯಿಂದ ಕಲ್ಲಿಗೆ, ಕಲ್ಲಿನಿಂದ ತಲೆಗೆ, ಅಡ್ಡಡ್ಡಲಾಗಿ ಜಾರಿಸಿದರೆ ಮುಗಿಯಿತು. ಭಾರವನ್ನು ಒಮ್ಮೆ ಮೇಲೆ ತಂದ ಮೇಲೆ ಮತ್ತೆ ಕೆಳಗೆ ಬಿಡಬಾರದು ಎಂಬ ಲೆಕ್ಕಾಚಾರ ಅದರಲ್ಲಿದೆ. ಗಾಡಿಯ ತೊಟ್ಟಿಯ ಎತ್ತರ, ಮೇಜಿನ ಎತ್ತರ, ಚಕ್ರಗಾಡಿಯ ಎತ್ತರ ಇವನ್ನೆಲ್ಲ ಒಂದೇ ಮಟ್ಟಕ್ಕೆ ತಂದುಕೊಳ್ಳುವ ದೊಡ್ಡ ಕಾರ್ಖಾನೆಗಳು ಮಾಡುವುದೂ ಅದನ್ನೇ.

ಬಾಗಿಲು ಕೂರಿಸುವ ಆಚಾರ್ರ ಬಳಿಯೂ ಇಂಥದ್ದೊಂದು ಇದೆ. ಗೇಣುದ್ದದ ಹಲಗೆ, ಅದರಡಿಗೆ ನಡುವಿನಲ್ಲಿ ಒಂದು ದುಂಡು ಕೋಲಿನ ತುಂಡು. ಒಂದು ತುದಿಯನ್ನು ಬಾಗಿಲಿನ ಕೆಳಗೆ ತೂರಿಸಿ ಇನ್ನೊಂದನ್ನು ಕಾಲಿನಲ್ಲಿ ಒತ್ತಿದರೆ ಬಾಗಿಲು ಅರ್ಧ ಅಂಗುಲ ಏಳುತ್ತದೆ. ಎರಡೂ ಕೈ ಖಾಲಿ, ಹಿಂಜಿಗೆ ಸ್ಕ್ರೂ ತಿರುಗಿಸಲು. ಗೋಡೆಗೆ ಶೀಟು ಹೊಡೆಯುವಾಗಲೂ ಇದೇ ಮಣೆ ಸಾಕು.

ಮೊದಲು ಕೊಯ್ಯಿ

ಇಷ್ಟೆಲ್ಲ ಹೇಳಿದ ಮೇಲೂ, ಇಡೀ ಶೀಟನ್ನು ಮೇಜಿಗೇರಿಸುವುದೇ ಅನೇಕ ಸಲ ಅನಗತ್ಯ ಸಾಹಸ. ಬೀರುವಿನ ಪಕ್ಕದ ಹಲಗೆ ಎರಡಡಿ ಅಗಲ ಬೇಕಾಗಿದ್ದರೆ ನಾಲ್ಕಡಿಯದನ್ನು ಮೇಜಿನ ಮೇಲೆ ಯಾಕೆ ಕುಣಿಸಬೇಕು? ನೆಲದ ಮೇಲೇ ಸೀಳಿದರೆ 36 ಕಿಲೋ ಎರಡು 18 ಕಿಲೋ ಆಗುತ್ತದೆ.

ನೆಲದ ಮೇಲೆ ಐದಾರು ಅಡಕೆ ದಬ್ಬೆ ಹಾಸಿ, ಅವುಗಳ ಮೇಲೆ ಶೀಟು ಮಲಗಿಸುವುದು. ಕೊಯ್ಯುವ ಗೆರೆಯ ಎರಡು ಪಕ್ಕಕ್ಕೂ ದಬ್ಬೆಯ ಆಸರೆ ಇರಬೇಕು. ಇಲ್ಲದಿದ್ದರೆ ಕೊನೆಯ ಗೇಣಿನಲ್ಲಿ ತುಂಡು ಬಗ್ಗಿ ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ಬ್ಲೇಡಿನ ಆಳ ಶೀಟಿನ ದಪ್ಪಕ್ಕಿಂತ ಎರಡು ಮೂರು ಎಂಎಂ ಹೆಚ್ಚಿದ್ದರೆ ಸಾಕು. ಕೈ ಸರ್ಕ್ಯುಲರ್ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಸಿಬಿರು ಏಳುವುದು ಮೇಲ್ಮೈಯಲ್ಲಿ. ಆದ್ದರಿಂದ ಚೆಂದದ ಮುಖ ಕೆಳಗೆ. ಟೈಲ್ಸ್ ಕೊಯ್ಯುವ ಮಾರ್ಬಲ್ ಕಟರಿಗೆ ಮರದ ಬ್ಲೇಡು ಹಾಕಿ ಪ್ಲೈವುಡ್ ಸೀಳುವ ಅಭ್ಯಾಸ ನಮ್ಮಲ್ಲಿ ವಿಪರೀತ. ಅಗ್ಗಕ್ಕೆ ಸಿಗುತ್ತದೆ, ಹಗುರ ಬೇರೆ. ಅದು ಕಲ್ಲಿಗೆ ಮಾಡಿದ ಯಂತ್ರ. ವೇಗ ಹೆಚ್ಚು, ಮರದ ಬ್ಲೇಡಿಗೆ ಬೇಕಾದ ರಕ್ಷಣೆ ಅದಕ್ಕಿಲ್ಲ. ಒಬ್ಬರೇ ಇರುವ ಕೊಟ್ಟಿಗೆಯಲ್ಲಿ, ಆಸ್ಪತ್ರೆ ಅಷ್ಟು ದೂರವಿರುವಾಗ, ಆ ಉಳಿತಾಯ ನನಗೆ ಸರಿ ಕಾಣುವುದಿಲ್ಲ.

ಅದಕ್ಕಿಂತ ಸುಲಭ, ಅಳತೆ ಬರೆದುಕೊಂಡು ಹೋಗಿ ಅಂಗಡಿಯಲ್ಲೇ ಕೊಯ್ಯಿಸಿ ತರುವುದು. ಹಾಸನದಂಥ ಕಡೆ ಪ್ಯಾನೆಲ್ ಗರಗಸವಿರುವ ಅಂಗಡಿಯವರು ಒಂದೊಂದು ಕೊಯ್ತಕ್ಕೆ ಇಷ್ಟು ಎಂದು ತೆಗೆದುಕೊಳ್ಳುತ್ತಾರೆ. ಹವ್ಯಾಸಿಗಳಿಗೆ ಇದು ಅವಮಾನದಂತೆ ಕಾಣುವುದುಂಟು. 'ಎಲ್ಲ ನಾನೇ ಮಾಡ್ದೆ' ಅನ್ನುವ ಹಾಗಿಲ್ಲವಲ್ಲ!

ದೊಡ್ಡದನ್ನು ಎತ್ತುವ ಬದಲು ಚಿಕ್ಕದು ಮಾಡಿಕೊಳ್ಳುವ ಜಾಣತನ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯ ಒಳಗೆ ತಲೆಯೆತ್ತಿ ನೋಡಿ. ನಾಲ್ಕು ಕಂಬಗಳ ನಡುವಿನ ಚೌಕವನ್ನು ಒಂದೇ ಚಪ್ಪಡಿಯಿಂದ ಮುಚ್ಚಲಿಲ್ಲ. ಮೂಲೆಗಳಿಗೆ ಅಡ್ಡಗಲ್ಲು ಕೊಟ್ಟು ಚೌಕವನ್ನು ಕಿರಿದುಗೊಳಿಸಿ, ಅದರ ಮೇಲೆ ಮತ್ತೆ ಸುತ್ತು ಜೋಡಿಸಿ, ಕೊನೆಗೆ ಉಳಿದ ಸಣ್ಣ ಕಿಂಡಿಗೆ ಒಂದು ಕಲ್ಲು ಕೂರಿಸಿದರು. ಅಲ್ಲಿ ಕೆತ್ತನೆ ನೋಡುವ ಭರದಲ್ಲಿ ನಾವು ಈ ಹೊರೆ ಹಂಚಿಕೆಯನ್ನು ಗಮನಿಸುವುದೇ ಇಲ್ಲ.

ಒರಗಿಸಿಟ್ಟದ್ದು ಬಿದ್ದರೆ

ಸಾಗಿಸುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ದೊಡ್ಡ ಅಪಾಯ ಇರುವುದು ಇಟ್ಟ ಮೇಲೆ.

ಶೀಟುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸುವುದು ವಾಡಿಕೆ. ಹತ್ತು ಶೀಟು ಸೇರಿದರೆ 360 ಕಿಲೋ, ಆದರೆ ದಪ್ಪ ಬರೀ 18 ಸೆಂಟಿಮೀಟರ್. ಐದನೆಯದು ಬೇಕೆಂದು ಮುಂದಿನ ನಾಲ್ಕನ್ನು ತನ್ನ ಎದೆಗೆ ಒರಗಿಸಿಕೊಂಡು ಹಿಂದೆ ಕೈ ಹಾಕುವವರನ್ನು ನೋಡಿದ್ದೇನೆ. ಆ ನಾಲ್ಕು ನೆಟ್ಟಗಿರುವ ತನಕ ಭಾರವೇ ಇಲ್ಲದಂತಿರುತ್ತವೆ. ಸ್ವಲ್ಪ ಇತ್ತ ವಾಲಿದರೆ ತಡೆಯಲು ಒಬ್ಬನ ಕೈಯಲ್ಲಿ ಸಾಧ್ಯವಿಲ್ಲ. ಗ್ರಾನೈಟ್, ಗಾಜಿನ ಗೋದಾಮುಗಳಲ್ಲಿ ಸಾವುಗಳಾಗುವುದು ಹೀಗೆಯೇ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ 2008ರಲ್ಲಿ ಕಲ್ಲಿನ ಚಪ್ಪಡಿಗಳ ಸಾಗಣೆ, ಇಳಿಸುವಿಕೆ, ಸಂಗ್ರಹದ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಹೊರಡಿಸಬೇಕಾಯಿತು. ನಮ್ಮಲ್ಲೂ ಲಾರಿಯಿಂದ ಇಳಿಸುವಾಗ ಚಪ್ಪಡಿಯಡಿ ಸಿಕ್ಕವರ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಬರುತ್ತಲೇ ಇರುತ್ತದೆ.

ಉಪಾಯ ಸರಳ. ಗೋಡೆಯಿಂದ ಬುಡ ಸಾಕಷ್ಟು ದೂರವಿದ್ದು ಹಿಂದಕ್ಕೆ ಒರಗಿರಬೇಕು. ಎದುರಿಗೆ ಒಂದು ಸರಪಳಿಯೋ ಹಗ್ಗವೋ ಅಡ್ಡ ಕಟ್ಟಿರಬೇಕು. ನಾಲ್ಕೈದು ಶೀಟಿಗೊಂದು ಗೂಟ ನೆಟ್ಟು ಖಾನೆ ಮಾಡಿದರೆ ಇನ್ನೂ ಒಳ್ಳೆಯದು. ಬೇಕಾದ್ದನ್ನು ಪಕ್ಕದಿಂದ ಜಾರಿಸಿ ತೆಗೆಯಬಹುದು, ಎದುರಿನದನ್ನು ಮುಟ್ಟಬೇಕಿಲ್ಲ. ಮಕ್ಕಳು ಓಡಾಡುವ ಮನೆಯಾದರೆ ಹಗ್ಗದ ಮಾತನ್ನು ಎರಡು ಸಲ ಓದಿ.

ಇನ್ನು ಮಲೆನಾಡಿನ ಥಂಡಿ. ಮರ ಗಾಳಿಯ ತೇವ ಹೀರುತ್ತದೆ. ಗಾಳಿಯ ಆರ್ದ್ರತೆ ಶೇ 60 ಇದ್ದಾಗ ಮರದಲ್ಲಿ ಸುಮಾರು ಶೇ 11 ನೀರು. ಶೇ 90 ಆದರೆ ಶೇ 20. ಪ್ಲೈವುಡ್ಡಿನ ಅಂಟು ಇದನ್ನು ಸ್ವಲ್ಪ ತಡೆದರೂ, ಬೇಸಿಗೆಯಲ್ಲಿ ತಂದಿಟ್ಟ ಶೀಟು ಪುಷ್ಯ ಮಳೆಯ ಹೊತ್ತಿಗೆ ಒಂದೆರಡು ಕಿಲೋ ಏರಿಸಿಕೊಂಡಿರುವುದು ಸಾಧ್ಯ. ಒಂದೇ ಮುಖಕ್ಕೆ ಥಂಡಿ ತಗುಲಿದರೆ ಬಿಲ್ಲಿನಂತೆ ಬಾಗುತ್ತದೆ. ಮಣ್ಣಿನ ಗೋಡೆಗೆ ನೇರ ತಾಗಿಸಬಾರದು, ಹಿಂದೆ ಎರಡು ಪಟ್ಟಿ ಬೇಕು. ಬುಡಕ್ಕೂ ಪಟ್ಟಿ ಬೇಕು, ಇಲ್ಲದಿದ್ದರೆ ಮೊದಲ ಗಿರಾಕಿ ಗೆದ್ದಲು.

▌ಬಾಕ್ಸ್: 55 ಕಿಲೋದ ಗೆರೆ
ಮನುಷ್ಯನ ಮೇಲೆ ಎಷ್ಟು ಹೊರಿಸಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ 127ನೇ ಒಡಂಬಡಿಕೆ ರೂಪಿಸಿತು. ಭಾರತ ಅದನ್ನು ಸ್ಥಿರೀಕರಿಸಿದ್ದು 2010ರಲ್ಲಿ. ಒಡಂಬಡಿಕೆಯ ಜೊತೆಗಿನ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಮಿತಿ ಹಾಕುತ್ತದೆ, ಹೆಂಗಸರಿಗೆ ಅದಕ್ಕಿಂತ ಗಣನೀಯವಾಗಿ ಕಡಿಮೆ. ಮನೆಯ ಕೊಟ್ಟಿಗೆಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ.

ಒಬ್ಬರ ಕೈಲಿ ಆಗದ್ದು

ಕುಣಿಕೆ, ಚಕ್ರ, ಸ್ಟೂಲು ಎಲ್ಲಕ್ಕೂ ಒಂದು ಮಿತಿಯಿದೆ. ಎಂಡಿಎಫ್ ಶೀಟು ಆ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. ದೊಡ್ಡ ಗಾಜಿಗೆ ರಬ್ಬರಿನ ಸಕ್ಷನ್ ಹಿಡಿಕೆ ಸಿಗುತ್ತದೆ, ಒರೆಸಿದ ನುಣುಪು ಮೈಗೆ ಚೆನ್ನಾಗಿ ಕಚ್ಚುತ್ತದೆ. ಆದರೆ ಅದನ್ನು ನಂಬಿ ಒಬ್ಬರೇ ಗಾಜು ತಿರುಗಿಸಿ ಎಂದು ನಾನಂತೂ ಬರೆಯಲಾರೆ. ಪ್ಲೈವುಡ್ಡಿನ ತರಿ ಮೈಗೆ ಅದು ಕಚ್ಚುವುದೇ ಇಲ್ಲ.

ಗ್ರಾನೈಟ್ ಬಂದರೆ ಮಾತು ಮುಗಿಯಿತು. ಅಡುಗೆಮನೆಯ ಕಟ್ಟೆಗೆ ಎಂಟಡಿ ಉದ್ದ, ಎರಡಡಿ ಅಗಲದ ಚಪ್ಪಡಿ ಅಂದರೆ 80 ಕಿಲೋ. ಸಿಂಕಿಗೆ ಕಿಂಡಿ ಕೊರೆದಿದ್ದರೆ ಕಿಂಡಿಯ ಅಕ್ಕಪಕ್ಕ ನಾಲ್ಕು ಬೆರಳಗಲದ ಕಲ್ಲು ಉಳಿದಿರುತ್ತದೆ. ಅಡ್ಡ ಮಲಗಿಸಿ ಎತ್ತಿದರೆ ತನ್ನ ಭಾರಕ್ಕೇ ಅಲ್ಲಿ ಲಟಕ್ಕನೆ ಮುರಿಯುತ್ತದೆ. ಅಂಚಿನ ಮೇಲೆ ನಿಲ್ಲಿಸಿಕೊಂಡು, ಕಟ್ಟೆಯ ಹತ್ತಿರ ತಂದು, ಎಲ್ಲರೂ ಒಟ್ಟಿಗೆ ಮಲಗಿಸಬೇಕು. ನಾಲ್ಕು ಜನ ಬೇಕೇ ಬೇಕು.

ಆಗ ಫೋನು ಹೋಗುತ್ತದೆ, ಮೂರು ಮನೆಗೆ. ಗದ್ದೆ ನಾಟಿಯ ಕಾಲದಿಂದ ಬಂದ ಮುಯ್ಯಾಳು ಪದ್ಧತಿ ಇಲ್ಲಿ ಪೂರ್ತಿ ಸತ್ತಿಲ್ಲ. ಇವತ್ತು ನೀನು ನನ್ನಲ್ಲಿಗೆ, ನಾಳೆ ನಾನು ನಿನ್ನಲ್ಲಿಗೆ. ದುಡ್ಡಿನ ಮಾತಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದರೆ ಅರ್ಧ ಗಂಟೆಯಲ್ಲಿ ಚಪ್ಪಡಿ ಕೂತಿರುತ್ತದೆ. ಆಮೇಲೆ ಕಡುಬು, ಕೋಳಿಸಾರು, ಆನೆ ಯಾರ ತೋಟದಲ್ಲಿದೆ ಎಂಬ ವರದಿ. ಆ ಅರ್ಧ ಗಂಟೆಯ ಸಾಲ ತೀರುವುದು ಡಿಸೆಂಬರಿನಲ್ಲಿ, ಹಣ್ಣು ಕುಯ್ಯುವಾಗ ಒಂದು ಪೂರ್ತಿ ದಿನ ಕೊಟ್ಟು. ಲೆಕ್ಕ ಸರಿಯಿಲ್ಲ ಅಂದರೆ ಗೌಡರು ನಗುತ್ತಾರೆ: 'ಕಲ್ಲು ಮುರ್ದಿದ್ರೆ ಎಷ್ಟಾಗದು, ಅದ್ನೂ ಕೂಡ್ಸಿ ನೋಡಿ ಸಾರ್.'